ಯಾಕಮ್ಮ

ಹೆರಿಗೆ ವಾರ್ಡಿನ ಹಿರಿಯ ನರ್ಸಿಗೆ ಈ ಆಸ್ಪತ್ರೆ ಒಂದು ಉತ್ತರ ಬಾಕಿ ಉಳಿಸಿಕೊಂಡಿದೆ. ಗಂಡುಕೂಸು ಹುಟ್ಟಿದರೆ ಶಿಶ್ನದ ಮುಂದೊಗಲು ಕತ್ತರಿಸುವುದು ಇಲ್ಲಿ ಮಾಮೂಲು, ಈಕೆ ಮಾತ್ರ ಪ್ರತಿ ಸಲ "ಯಾಕೆ?" ಎಂದು ಅಡ್ಡ ನಿಲ್ಲುತ್ತಾಳೆ. "ಸೋಂಕು ಕಡಿಮೆಯಾಗುತ್ತೆ ಸಿಸ್ಟರ್," ಎನ್ನುತ್ತಾರೆ ಡಾಕ್ಟರು. "ತೊಳೆದ್ರೂ ಕಡಿಮೆಯಾಗುತ್ತೆ ಸಾರ್. ಮೈ ಅವನದು, ದೊಡ್ಡವನಾಗಿ ಅವನೇ ಹೇಳ್ಲಿ." "ಆಗ ನೋವು ಜಾಸ್ತಿ, ಕೂಸಿದ್ದಾಗಲೇ ಯಾಕೆ ಮಾಡ್ಲಿಲ್ಲ ಅಂತ ಬೈಯೋದು ನಮ್ಮನ್ನೇ!" ಎನ್ನುತ್ತಾರೆ ಡಾಕ್ಟರು. ವಾರ್ಡಿನವರೆಲ್ಲ ಈಕೆಗೆ ‘ಯಾಕಮ್ಮ’ ಎಂದು ಹೆಸರಿಟ್ಟು ನಗುತ್ತಾರೆ; ಕ್ಯಾಂಟೀನಿನಲ್ಲಿ ಈಕೆಯ ಎದುರು ಯಾರೂ ಕೂರುವುದಿಲ್ಲ. ಹಾಗೆ ಮೊದಲು ಕರೆದವನು ಈಕೆಯ ಮಗನೆಂದು ಅವರಿಗೆ ಗೊತ್ತಿಲ್ಲ. ಅವನು ಕೂಸಾಗಿದ್ದಾಗ ಅವನಿಗೂ ಇದೇ ವಾರ್ಡಿನ ಮೇಜಿನ ಮೇಲೆ, ತಾನೇ ಕಾಲು ಹಿಡಿದುಕೊಂಡು, ಅದನ್ನೇ ಮಾಡಿಸಿದ್ದಳು. ಬೆಳೆದ ಮೇಲೆ ಅವನು "ಯಾಕಮ್ಮ?" ಎಂದು ಕೇಳಿದ, ಉತ್ತರ ಸಿಗದೆ ಈಕೆಯೊಡನೆ ಮಾತೇ ಬಿಟ್ಟ. ಒಪ್ಪಿಗೆ ಪತ್ರದ ಸಹಿಗೆ ಪೆನ್ನು ತೆಗೆದ ಅಪ್ಪ ಅಮ್ಮಂದಿರೇ, ನಾಳೆ ನಿಮ್ಮ ಮಗನಿಗೆ ಕೊಡುವ ಉತ್ತರವನ್ನು ಇವತ್ತೇ ಈಕೆಗೆ ಹೇಳಿ.