ನಲವತ್ತೆರಡು ಮೈಲಿಯ ಮೇಜು

ಜೆರೋಲಮೊ ಕಾನೇಪನನ್ನು ಓಣಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಏ ನಲವತ್ತೆರಡು’ ಎಂದರೆ ಸಾಕು, ವೈನಂಗಡಿಯ ಯಾವ ಮೂಲೆಯಲ್ಲಿದ್ದರೂ ತಿರುಗಿ ನೋಡುತ್ತಿದ್ದ. ಜಿನೋವಾದ ಪಡುವಣ ದಂಡೆಯ ಹಡಗುಕಟ್ಟೆಯಲ್ಲಿ ಅವನು ಬಡಗಿ. ಉಕ್ಕಿನ ಹಡಗಿಗೆ ಬಡಗಿ ಯಾಕೆ ಎಂದು ಕೇಳುವವರು ಹಡಗು ಕಟ್ಟುವುದನ್ನು ನೋಡಿದವರಲ್ಲ. ಅಟ್ಟಣೆ, ಒಡಲಿಗೆ ಆನಿಸುವ ಊರೆ, ಮುಚ್ಚಳ, ನೀರಿಗಿಳಿಸುವ ಜಾರುಹಾಸು ಎಲ್ಲವೂ ಮರದ್ದೇ. ಹಡಗು ಹೊರಟ ಮೇಲೆ ಅದನ್ನೆಲ್ಲ ಕಿತ್ತು ಒಟ್ಟುತ್ತಾರೆ, ಬಡಗಿಯ ಹೆಸರೂ ಆ ರಾಶಿಯಲ್ಲೇ ಹೋಗುತ್ತದೆ.

ಜೆರೋಲಮೊಗೆ ಮಾತ್ರ ಅಡ್ಡಹೆಸರಾದರೂ ಉಳಿಯಿತು. ಅದಕ್ಕೆ ಕಾರಣ ‘ಮೊಂಟಾಲ್ಟೊ’ ಎಂಬ ಹಡಗು.

ಫ್ರಾನ್ಸಿನವರು ಆ ಕಾಲಕ್ಕೆ ದೊಡ್ಡ ದೊಡ್ಡ ವಿಧ್ವಂಸಕ ಹಡಗುಗಳನ್ನು ಇಳಿಸಿದ್ದರು. ಅವುಗಳನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುವ ಹಗುರ ಕ್ರೂಸರ್ ನಮಗೂ ಬೇಕು ಎಂದರು ರೋಮಿನವರು. ಹಳೆಯ ಕಾಲದ ಬಾಡಿಗೆ ದಂಡನಾಯಕರ ಹೆಸರಿಟ್ಟು ಒಂದೇ ಅಚ್ಚಿನ ಹಡಗುಗಳು ಎದ್ದವು, ಮೊಂಟಾಲ್ಟೊ ಅವುಗಳಲ್ಲೊಂದು. ಎರಡೆರಡು ಫಿರಂಗಿಯ ನಾಲ್ಕು ಗೋಪುರ, ಒಡಲ ತುಂಬ ಬಾಯ್ಲರು, ಯಂತ್ರ. ಅಷ್ಟನ್ನು ತುಂಬಿಸಿ ಓಡಿಸಬೇಕಾದರೆ ಎಲ್ಲಾದರೂ ತೂಕ ಕಳೆಯಬೇಕಲ್ಲ, ಕವಚದಲ್ಲಿ ಕಳೆದರು. ಪಕ್ಕೆಯ ಉಕ್ಕು ಹೆಬ್ಬೆರಳಿನಷ್ಟೇ ದಪ್ಪ. ಓಡಲು ಬಂದವನಿಗೆ ಗುರಾಣಿ ಯಾಕೆ ಎಂಬುದು ಅವರ ಜಾಣತನ.

ಮೊಂಟಾಲ್ಟೊದ ಪರೀಕ್ಷೆಯ ಓಟದ ದಿನ ಇಡೀ ಓಣಿ ದಂಡೆಗೆ ಬಂದಿತ್ತು. ಜೆರೋಲಮೊ ಹಡಗಿನ ಮೇಲೇ ಇದ್ದ. ಬಾಯ್ಲರುಗಳನ್ನು ಸಿಡಿಯುವ ಮಟ್ಟಕ್ಕೆ ಕಾಯಿಸಿ ಓಡಿಸಿದರು. ಸಂಜೆ ಬಂದ ಸುದ್ದಿ: ಗಂಟೆಗೆ ನಲವತ್ತೆರಡು ಕಡಲಮೈಲಿ! ಪತ್ರಿಕೆಗಳು ಬರೆದವು, ಪಾದ್ರಿ ಗಂಟೆ ಹೊಡೆಸಿದ. ಕಟ್ಟೆಯ ಮಾಲೀಕರು ಪೀಪಾಯಿ ವೈನ್ ತರಿಸಿದರು. ಜೆರೋಲಮೊ ಅವತ್ತು ಕುಡಿದು, ಮಗ ಗುಸ್ತಿನೊನನ್ನು ಹೆಗಲ ಮೇಲೆ ಹೊತ್ತು ಓಣಿಯುದ್ದಕ್ಕೂ ನಲವತ್ತೆರಡು, ನಲವತ್ತೆರಡು ಎಂದು ಕೂಗುತ್ತ ನಡೆದ. ಅಡ್ಡಹೆಸರು ಅಂಟಿದ್ದು ಹಾಗೆ.

ಓಟಕ್ಕೆಂದು ಬಳಸಿದ ಮರ ಓಟ ಮುಗಿದ ಮೇಲೆ ಬಡಗಿಗಳಿಗೆ ಸೇರಬೇಕು. ಅದು ಕಟ್ಟೆಯ ಹಳೆಯ ರೂಢಿ. ಜೆರೋಲಮೊ ಒಳ್ಳೆಯ ಲಾರ್ಚ್ ಮರದ ಹಲಗೆಗಳನ್ನು ಹೊತ್ತು ತಂದು ಅಡುಗೆಮನೆಗೆ ಮೇಜು ಮಾಡಿದ. ಮೂರು ಕಡೆ ನೇರ, ಒಂದು ಕಡೆ ಬಾಗಿದ ಅಂಚು. ಹೆಂಡತಿ ಬೆನೆದೆಟ್ಟ ಆ ಬಾಗನ್ನು ಕೊಯ್ದು ನೇರ ಮಾಡು ಎಂದು ಎಷ್ಟೋ ಸಲ ಗೊಣಗಿದಳು. ಇಂಥ ಮರಕ್ಕೆ ಗರಗಸ ಹಾಕಿದರೆ ಪಾಪ ಬರುತ್ತದೆ ಎಂದು ಅವನು ನಕ್ಕುಬಿಡುತ್ತಿದ್ದ. ಬಾಗಿದ ಕಡೆ ಗುಸ್ತಿನೊ ಕೂರುತ್ತಿದ್ದ. ಮೂಲೆ ಚುಚ್ಚುವುದಿಲ್ಲ ಎಂಬುದು ಅವನ ಲೆಕ್ಕ. ಸಣ್ಣವನಿದ್ದಾಗ ಮೇಜಿನ ಕೆಳಗೆ ಅಡಗಿ ಕೂರುತ್ತಿದ್ದ. ಅಲ್ಲಿ ಕೆಂಪು ಬಣ್ಣದಲ್ಲಿ ದೊಡ್ಡದಾಗಿ 3 ಎಂದು ಬರೆದಿತ್ತು.

ಗುಸ್ತಿನೊ ಇಪ್ಪತ್ತಕ್ಕೆ ಬರುವಾಗ ಯುದ್ಧವೂ ಬಾಗಿಲಿಗೆ ಬಂದಿತ್ತು. ಬೆನೆದೆಟ್ಟಳ ತಮ್ಮ ಪ್ರಾಸ್ಪೆರೊ ಲಾ ಸ್ಪೆಜಿಯಾದ ನೌಕಾ ಕಾರ್ಖಾನೆಯಲ್ಲಿ ಹಗ್ಗದ ಉಗ್ರಾಣ ನೋಡಿಕೊಳ್ಳುತ್ತಿದ್ದವನು, ನಾಲ್ಕು ಜನರ ಪರಿಚಯವಿದ್ದವನು. ಒಂದು ಭಾನುವಾರ ಊಟಕ್ಕೆ ಬಂದು ಮಾತೆತ್ತಿದ.

“ಭಾವ, ಹುಡುಗನ್ನ ನನ್ ಹತ್ರ ಬಿಡು. ದಡದ ಮೇಲಿನ ಕೆಲಸ. ಯುದ್ಧ ಮುಗಿಯೋ ತನಕ ಅವನ ಪಾದಾನೂ ಒದ್ದೆ ಆಗಲ್ಲ.”

ಜೆರೋಲಮೊಗೆ ಮೈಯೆಲ್ಲ ಉರಿಯಿತು. ತಾನು ಕಟ್ಟಿದ ಹಡಗು ಇರುವಾಗ ತನ್ನ ಮಗ ಹಗ್ಗ ಸುತ್ತುತ್ತ ಕೂರಬೇಕೇ?

“ಅವನು ಮೊಂಟಾಲ್ಟೊಗೇ ಹೋಗ್ತಾನೆ. ಆ ಹಡಗನ್ನ ಹಿಡಿಯೋನು ಈ ಕಡಲಲ್ಲಿ ಇನ್ನೂ ಹುಟ್ಟಿಲ್ಲ ಕಣಯ್ಯ. ಗುಂಡು ಬಂದು ಬೀಳೋ ಹೊತ್ತಿಗೆ ಅದು ಅಲ್ಲಿ ಇದ್ರೆ ತಾನೆ.”

ಬೆನೆದೆಟ್ಟ ಸಾರಿನ ಸೌಟು ಹಿಡಿದೇ ನಿಂತಿದ್ದಳು. ತಮ್ಮನ ಮುಖ ನೋಡಿದಳು, ಗಂಡನ ಮುಖ ನೋಡಿದಳು.

“ನಿನ್ನ ಮಾತಿನ ಮೇಲೆ ಕಳಿಸ್ತಾ ಇದೀನಿ,” ಎಂದಳು ಗಂಡನಿಗೆ. “ದೇವರ ಮೇಲಲ್ಲ, ರೋಮಿನವರ ಮೇಲಲ್ಲ. ಅದು ನೆನಪಿರಲಿ.”

ಜೆರೋಲಮೊ ಎದೆ ಮುಟ್ಟಿಕೊಂಡು ಆಣೆ ಮಾಡಿದ. ಗುಸ್ತಿನೊ ಮೊಂಟಾಲ್ಟೊ ಸೇರಿದ, ಫಿರಂಗಿಯ ಕೆಲಸಕ್ಕೆ.

ಸಾವಿರದ ಒಂಬೈನೂರ ನಲವತ್ತೊಂದರ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಅವನು ರಜೆಯಲ್ಲಿ ಬಂದ. ಬೆನೆದೆಟ್ಟ ಕಡಲೆಹಿಟ್ಟು ತರಲು ಅಂಗಡಿಗೆ ಹೋಗಿದ್ದಳು. ಬಂದವನು ತನ್ನ ಜಾಗದಲ್ಲಿ ಕೂತು, ಮೇಜಿನ ಬಾಗಿದ ಅಂಚಿನ ಮೇಲೆ ಅಂಗೈ ಇಟ್ಟು ಈ ತುದಿಯಿಂದ ಆ ತುದಿಗೆ ಸವರಿದ. ಮತ್ತೊಮ್ಮೆ ಸವರಿದ. ಆಮೇಲೆ ಬಗ್ಗಿ ಮೇಜಿನ ಕೆಳಗೆ ನೋಡಿದ. ಎದ್ದು ಅಪ್ಪನ ಕಡೆ ತಿರುಗಿದ.

“ಅಪ್ಪ, ಈ ಹಲಗೆ ಹಡಗಲ್ಲಿ ಎಲ್ಲಿತ್ತು?”

ಜೆರೋಲಮೊ ಹೆಮ್ಮೆಯಿಂದಲೇ ಹೇಳಿದ. ಮೂರನೇ ಗೋಪುರ ಕೂರುವ ದೊಡ್ಡ ದುಂಡು ಗುಂಡಿಗೆ ಮುಚ್ಚಳ ಹೊಡೆದದ್ದು ತಾನೇ. ಓಟದ ದಿನ ಗೋಪುರಗಳಲ್ಲಿ ಅರ್ಧ ಇನ್ನೂ ಕಟ್ಟೆಯಲ್ಲೇ ಬಿದ್ದಿದ್ದವು, ತೆರೆದ ಗುಂಡಿಗೆ ನೀರು ನುಗ್ಗಬಾರದಲ್ಲ. ಮಧ್ಯಾಹ್ನ ಎಲ್ಲರೂ ಅದೇ ಮುಚ್ಚಳದ ಮೇಲೆ ಕೂತು ರೊಟ್ಟಿ ತಿಂದಿದ್ದರು.

“ನಾನು ಮೂರನೇ ಗೋಪುರದವನು ಅಪ್ಪ,” ಎಂದ ಗುಸ್ತಿನೊ. “ಅದು ತಿರುಗೋ ಉಕ್ಕಿನ ಬಳೆಗೆ ದಿನಾ ಗ್ರೀಸ್ ಹಚ್ಚೋದು ನಾನೇ. ಅದೇ ಬಾಗು ಇದು, ಕೈ ಇಟ್ಟ ಕೂಡಲೇ ಗೊತ್ತಾಯ್ತು. ನಿನ್ನ ನಲವತ್ತೆರಡರಲ್ಲಿ ನಾನು ಕೂರೋ ಜಾಗಾನೇ ಇರಲಿಲ್ಲ.”

ಜೆರೋಲಮೊ ತಾನೂ ಬಗ್ಗಿ ಆ ಕೆಂಪು 3 ನೋಡಿದ.

ಮಗ ಉಳಿದದ್ದನ್ನು ಮೆಲ್ಲಗೆ ಹೇಳಿದ. ಗೋಪುರ, ಗುಂಡು, ಮದ್ದು, ಎಣ್ಣೆ, ಜನ ಎಲ್ಲ ತುಂಬಿದರೆ ಕಡಲಲ್ಲಿ ಮೂವತ್ತರ ಮೇಲೆ ಹೋಗುವುದು ಕಷ್ಟ. ಅಲೆ ಎದ್ದರೆ ಹಡಗು ಕುಡುಕನ ಹಾಗೆ ತೂರಾಡುತ್ತದೆ. ನಾವಿಕರು ಅದನ್ನು ಕಾಗದದ ಹಡಗು ಎಂದು ಆಡಿಕೊಳ್ಳುತ್ತಾರೆ. ಅಮ್ಮನಿಗೆ ಮಾತ್ರ ಹೇಳಬೇಡ, ಅವಳು ನಿದ್ದೆ ಮಾಡುವುದು ಆ ನಲವತ್ತೆರಡರ ಮೇಲೆ ಎಂದ. ಅಷ್ಟರಲ್ಲಿ ಬೆನೆದೆಟ್ಟ ಬಂದಳು. ಮಗ ಎದ್ದು ಅವಳ ಕೈಯಿಂದ ಚೀಲ ತೆಗೆದುಕೊಂಡ.

ಜೆರೋಲಮೊನ ಕಾಲ ಕೆಳಗಿನ ನೆಲ ಅವತ್ತು ಸರಿದದ್ದು ಮತ್ತೆ ಕೂಡಲಿಲ್ಲ. ಅವನು ಸುಳ್ಳು ಹೇಳಿದವನಲ್ಲ, ಇದೇ ದೊಡ್ಡ ವಿಚಿತ್ರ. ಮುಚ್ಚಳ ಬಡಿದ ಕೈ ಅವನದೇ, ಗುಂಡಿ ಖಾಲಿ ಇದ್ದದ್ದನ್ನು ನೋಡಿದ ಕಣ್ಣು ಅವನದೇ, ಆದರೂ ಸಂಜೆ ಅಂಕಿ ಕೇಳಿ ಕುಣಿದ. ಅವನೊಬ್ಬನೇ ಅಲ್ಲ, ಇಡೀ ಕಟ್ಟೆ ಕುಣಿಯಿತು. ಪರೀಕ್ಷೆಯ ಓಟ ನಮ್ಮವರಿಗೆ ಮದುವೆ ಇದ್ದ ಹಾಗೆ. ಮದುವೆಯ ದಿನ ಹೆಣ್ಣಿನ ಒಡವೆ ಯಾರ ಮನೆಯದು ಎಂದು ಕೇಳುವ ರೂಢಿ ಎಲ್ಲಿದೆ? ಬೇರೆ ಊರಿನವರಾಗಿದ್ದರೆ ಅನುಮಾನ ಪಡುತ್ತಿದ್ದರು. ಕಟ್ಟಿದವರೇ ನಂಬಿದರು.

ಮಗ ಹೊರಟ ಮರುದಿನವೇ ಅವನು ರೈಲು ಹತ್ತಿ ಲಾ ಸ್ಪೆಜಿಯಾಕ್ಕೆ ಹೋದ. ಟೋಪಿ ಕೈಯಲ್ಲಿ ಹಿಡಿದು, ಹುಡುಗನನ್ನು ಹೇಗಾದರೂ ದಡಕ್ಕೆ ತರಿಸು ಎಂದು ಪ್ರಾಸ್ಪೆರೊನನ್ನು ಬೇಡಿಕೊಂಡ. ಪ್ರಾಸ್ಪೆರೊ ಹಂಗಿಸಲಿಲ್ಲ. ಯುದ್ಧದ ನಡುವೆ ಫಿರಂಗಿಯವನನ್ನು ಯಾರೂ ಬಿಡುವುದಿಲ್ಲ ಎಂದಷ್ಟೇ ಹೇಳಿ, ನಿಲ್ದಾಣದವರೆಗೆ ಜೊತೆಗೆ ಬಂದ.

ಡಿಸೆಂಬರಿನಲ್ಲಿ ಸುದ್ದಿ ಬಂತು. ಮೊಂಟಾಲ್ಟೊ ಆಫ್ರಿಕಾದ ದಾರಿಯಲ್ಲಿ ಮುಳುಗಿದೆ, ಗುಸ್ತಿನೊ ಕಾನೇಪ ಕಾಣೆಯಾಗಿದ್ದಾನೆ.

ಬೆನೆದೆಟ್ಟ ಅಳಲಿಲ್ಲ. ಆ ಹಡಗನ್ನು ಹಿಡಿಯಲು ಆಗುವುದಿಲ್ಲ, ಅಂದ ಮೇಲೆ ಮುಳುಗುವುದೆಲ್ಲಿಂದ, ಬೇರೆ ಯಾವುದೋ ಹಡಗಿರಬೇಕು ಎಂದಳು. ಓಣಿಯ ಹೆಂಗಸರು ಹೌದಮ್ಮ ಹೌದು, ಯಾವುದೋ ಬಂದರಿನಲ್ಲಿ ಇರುತ್ತಾನೆ ಎಂದು ತಲೆಯಾಡಿಸಿದರು. ಬೆನೆದೆಟ್ಟ ದಿನವೂ ಬಾಗಿದ ಅಂಚಿಗೆ ಮಗನ ತಟ್ಟೆ ಇಡುತ್ತಿದ್ದಳು. ಜೆರೋಲಮೊ ಆ ತಟ್ಟೆಯ ಎದುರು ಕೂತು ತುತ್ತು ನುಂಗುತ್ತಿದ್ದ.

ಚಳಿ ಕಳೆಯುವಾಗ ಕಮೊಲಿ ಊರಿನ ಒಬ್ಬ ಹುಡುಗ ಬಂದ. ಗುಸ್ತಿನೊನ ಜೊತೆಯವನು, ಎರಡೂ ಕೈಗೆ ಸುಟ್ಟಗಾಯದ ಪಟ್ಟಿ. ಅವನು ಕಂಡದ್ದನ್ನು ಕಂಡ ಹಾಗೆ ಹೇಳಿದ. ಆಫ್ರಿಕಾದ ಸೇನೆಗೆಂದು ಪೆಟ್ರೋಲಿನ ಡ್ರಮ್ಮುಗಳನ್ನು ಹಡಗಿನ ಬಯಲು ಅಟ್ಟದ ಮೇಲೇ ಪೇರಿಸಿದ್ದರು. ಹಿಂದಿನ ಗೋಪುರಗಳನ್ನು ತಿರುಗಿಸಲೂ ಜಾಗವಿರಲಿಲ್ಲ. ಶತ್ರುವಿನ ಮೊದಲ ಪೆಟ್ಟಿಗೇ ಕಡಲೆಲ್ಲ ಹೊತ್ತಿಕೊಂಡಿತು, ಗುಸ್ತಿನೊ ಆ ಬೆಂಕಿಯಿಂದ ಹೊರಬರಲಿಲ್ಲ.

ಪೆಟ್ರೋಲು ಹೊರುವುದಕ್ಕೆ ಬೇರೆ ಹಡಗು ಸಿಗಲಿಲ್ಲವೇ ಎಂದು ಕೇಳಿದಳು ಬೆನೆದೆಟ್ಟ.

“ಸಾಮಾನಿನ ಹಡಗು ನಿಧಾನ ಅಂತ ಇದನ್ನ ಆರಿಸಿದ್ರಂತೆ ಅಮ್ಮ,” ಎಂದ ಹುಡುಗ. “ರೋಮಲ್ಲಿ ಕೂತೋರಿಗೆ ಅದು ಈಗಲೂ ನಲವತ್ತೆರಡರ ಹಡಗೇ.”

ಬೆನೆದೆಟ್ಟ ಗಂಡನ ಕಡೆ ತಿರುಗಿದಳು. “ಮತ್ತೆ ಯಾಕೆ ಓಡಲಿಲ್ಲ?”

ಜೆರೋಲಮೊ ಎದ್ದ. ತಟ್ಟೆಗಳನ್ನು ಒಂದೊಂದಾಗಿ ಕಿಟಕಿಕಟ್ಟೆಗೆ ಇಟ್ಟ. ಮೇಜನ್ನು ಮಗುಚಿ ಕೆಂಪು 3 ತೋರಿಸಿ, ಖಾಲಿ ಗುಂಡಿ, ಮುಚ್ಚಳ, ರೊಟ್ಟಿ ತಿಂದದ್ದು, ಮಗ ಅಂಚು ಸವರಿದ್ದು, ಹೇಳಬೇಡ ಅಂದದ್ದು, ತಾನು ಲಾ ಸ್ಪೆಜಿಯಾಕ್ಕೆ ಓಡಿದ್ದು, ಒಂದನ್ನೂ ಬಿಡದೆ ಹೇಳಿದ. ಕಮೊಲಿಯ ಹುಡುಗ ಗೋಡೆಗೆ ಒರಗಿ ನಿಂತುಬಿಟ್ಟ.

ಬೆನೆದೆಟ್ಟ ಆ ಅಂಕಿಯ ಮೇಲೆ ಬೆರಳಾಡಿಸಿದಳು. ಆಮೇಲೆ ಮೇಜನ್ನು ನೇರ ನಿಲ್ಲಿಸು ಎಂದಳು. ನಿಲ್ಲಿಸಿದ. ಕಿಟಕಿಕಟ್ಟೆಯ ಮೇಲಿದ್ದ ಗಂಡನ ತಟ್ಟೆಯನ್ನು ತಂದು ಬಾಗಿದ ಅಂಚಿನಲ್ಲಿಟ್ಟಳು. ಮಗನ ತಟ್ಟೆಯನ್ನು ತೊಳೆದು ಒರೆಸಿ ಬೀರುವಿನೊಳಗೆ ಇಟ್ಟಳು.

“ಇನ್ಮೇಲೆ ನಿನ್ನ ಜಾಗ ಇದು,” ಎಂದಳು. “ಕೂತ್ಕೊ. ಉಣ್ಣು.”

ಅವಳು ಬೈದದ್ದು ಅಷ್ಟೇ. ಜೆರೋಲಮೊ ಯುದ್ಧ ಮುಗಿದ ಮೇಲೂ ಬಹಳ ವರ್ಷ ಬದುಕಿದ, ದಿನಕ್ಕೆರಡು ಹೊತ್ತು ಅಲ್ಲೇ ಕೂತು ಉಂಡ. ವೈನಂಗಡಿಯಲ್ಲಿ ಹೊಸ ಹುಡುಗರು ಅಡ್ಡಹೆಸರು ಹಿಡಿದು ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ. ಮುದುಕನಿಗೆ ಕಿವಿ ಹೋಗಿದೆ ಎಂದುಕೊಂಡರು ಅವರು.