ರೋಮಿನ ಖರ್ಜೂರ, ಅಕ್ಕನ ಮದ್ದು

ಓದಲು ಕುಳಿತಾಗ ಒಂದು ಕಾಳು ಒಳ್ಳೆಮೆಣಸನ್ನು ದವಡೆಗೆ ಒತ್ತಿಕೊಳ್ಳುವುದು ನನ್ನ ಹಳೆಯ ಚಟ. ತರಗತಿಯಲ್ಲಿ ಕಿರುಚಿ ಕೆಟ್ಟ ಗಂಟಲಿಗೆಂದು ಆರಂಭವಾದದ್ದು ನಿವೃತ್ತಿಯ ಬಳಿಕವೂ ಬಿಟ್ಟಿಲ್ಲ. ಈಚೆಗೆ ಹಾಗೆ ಕಾಳು ಕಚ್ಚಿಕೊಂಡೇ ಪ್ರಾಚೀನ ರೋಮಿನ ಊಟೋಪಚಾರದ ಬಗ್ಗೆ ಒಂದು ಇತಿಹಾಸದ ಪುಸ್ತಕ ಓದುತ್ತಿದ್ದೆ. ಅಲ್ಲಿನ ಧನಿಕರು ಒರಗಿಕೊಂಡೇ ಉಣ್ಣುತ್ತಿದ್ದರಂತೆ. ಆ ಭಂಗಿಯಲ್ಲಿ ನನಗೂ ಸಾಕಷ್ಟು ಪರಿಣತಿಯಿದೆ. ಆದರೆ ನಮ್ಮ ಕರಾವಳಿಯ ಒಳ್ಳೆಮೆಣಸಿಗಾಗಿ ಅವರು ಚಿನ್ನ ಸುರಿಯುತ್ತಿದ್ದರೆಂಬಲ್ಲಿಗೆ ಬಂದಾಗ ಎದ್ದು ಕುಳಿತೆ. ಬಂಟ್ವಾಳದ ನನ್ನ ಹಿತ್ತಿಲಲ್ಲಿ ಹಲಸಿನ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಬಗ್ಗೆ ಅಂದಿನಿಂದ ವಿಶೇಷ ಗೌರವ ಹುಟ್ಟಿತು.

ಈ ಹಿರಿಮೆಯನ್ನು ಬೆಳ್ತಂಗಡಿಯ ಅಕ್ಕನಿಂದ ಒಪ್ಪಿಸಿಕೊಳ್ಳಲೇಬೇಕಿತ್ತು. ನನ್ನ ಓದಿನಿಂದ ಅಡುಗೆಮನೆಗೆ ಕವಡೆಕಾಸಿನ ಪ್ರಯೋಜನವಿಲ್ಲವೆಂಬುದು ಅವಳ ಆಜನ್ಮ ಸಿದ್ಧಾಂತ. ಕುಟುಂಬದ ಬಾಣಂತನಗಳಿಗೆಲ್ಲ ಅವಳೇ ಅಧಿಪತಿ; ಬಾಣಂತಿಯ ಬಾಯಿಗೆ ಬೇರೆಯವರ ಕೈಯಡುಗೆ ಹೋಗಲು ಅವಳು ಬಿಟ್ಟದ್ದೇ ಇಲ್ಲ. ಈಗ ಹೆರಿಗೆಗೆಂದು ತವರಿಗೆ ಬಂದ ಅವಳ ಮಗಳು ಹೆತ್ತು ಮಲಗಿದ್ದಳು. ಮದ್ದಿನ ಸಾಮಾನಿಗೆ ನಮ್ಮ ಪಕ್ಕದ ಬಿ.ಸಿ.ರೋಡಿಗೆ ಬಂದವಳು ನಮ್ಮಲ್ಲಿಗೂ ಬರುತ್ತೇನೆಂದಾಗ, ಗಲ್ಫಿನಲ್ಲಿರುವ ಅವಳ ಮೂಡುಬಿದಿರೆಯ ಅಳಿಯ ಕಳಿಸಿದ್ದ ಖರ್ಜೂರವನ್ನೇ ತೆಗೆದೆ. ಬೀಜ ಬಿಡಿಸಿ, ಒಳ್ಳೆಮೆಣಸಿನ ಪುಡಿ ತುಂಬಿ, ಉಪ್ಪಿನಲ್ಲಿ ಹೊರಳಿಸಿ, ಸಾಕ್ಷಾತ್ ರೋಮನ್ ವಿಧಾನದಲ್ಲಿ ಜೇನಿನಲ್ಲಿ ಹುರಿದೆ.

ಅಕ್ಕ ಜಗಲಿ ಹತ್ತಿದವಳೇ ಮೂಗರಳಿಸಿದಳು. "ಇಲ್ಲಿ ಯಾರು ಹೆತ್ತದ್ದು ಮಾರಾಯ?"

ಚಕ್ರವರ್ತಿಗಳ ಭಕ್ಷ್ಯವೆಂದು ತಟ್ಟೆ ಮುಂದಿಟ್ಟೆ. ಒಂದನ್ನು ನಿಧಾನವಾಗಿ ಅಗಿದು, ಅಜ್ಜಿ ಮಾಡುತ್ತಿದ್ದ ಬಾಣಂತಿ ಮದ್ದಿನ ರುಚಿಯೇ ಇದು ಎಂದಳು. ನನ್ನ ರೋಮ್ ಸಾಮ್ರಾಜ್ಯ ಅಲ್ಲಿಗೆ ಪತನವಾಯಿತು. ಆದರೆ ಮರುಗಳಿಗೆಗೆ ಎದೆ ಉಬ್ಬಿತು. ದೊರೆಗಳು ಕಡಲಾಚೆಯಿಂದ ತರಿಸಿ ನಾಲಿಗೆಯ ಚಪಲಕ್ಕೆ ತಿಂದದ್ದನ್ನು ನಮ್ಮವರು ಹೆತ್ತು ಬಳಲಿದವಳ ಬಟ್ಟಲಿಗೆ ಮೀಸಲಿಟ್ಟರು. ಮೆಣಸು ಬೆಳೆದದ್ದಕ್ಕಿಂತ ದೊಡ್ಡ ಹೆಮ್ಮೆ ಅದು.

"ಜೇನು ಕಾಯಿಸಬಾರದು ಅಂತ ನಿನ್ನ ರೋಮಿನವರಿಗೆ ಗೊತ್ತಿಲ್ಲವಾ?" ಎಂದಳು ಅಕ್ಕ. "ತಾಳೆಯ ಓಲೆಬೆಲ್ಲ ಉಂಟಲ್ಲ, ತುಪ್ಪ ಹಾಕಿ ಇನ್ನೊಮ್ಮೆ ಮಾಡು. ಉಪ್ಪು ಬೇಡ. ಮಗಳಿಗೆ ಕೊಂಡುಹೋಗ್ತೇನೆ."

ನೀನೇ ಮಾಡಕ್ಕ, ಎಂದೆ.

"ಬೇಡ, ನೀನೇ ಮಾಡು. ನಿನ್ನ ಕೈ ಒಳ್ಳೆದುಂಟು."

ನಾನು ಮತ್ತೆ ಮಾಡಿಕೊಟ್ಟ ಖರ್ಜೂರದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಅವಳು ಬೆಳ್ತಂಗಡಿಯ ಬಸ್ಸಿನಲ್ಲಿ ಕುಳಿತದ್ದನ್ನು ನೋಡಿಯೇ ಮನೆಗೆ ಮರಳಿದೆ. ಪುಸ್ತಕ ತೆರೆದು ಮೆಣಸಿನ ಭರಣಿಗೆ ಕೈಹಾಕಿದರೆ ಒಂದು ಕಾಳೂ ಉಳಿದಿರಲಿಲ್ಲ. ಅಂದು ರೋಮಿನ ವೈಭವವನ್ನು ಬರಿಬಾಯಲ್ಲೇ ಓದಿದೆ.