ಹೆಬ್ಬೆಟ್ಟಿನ ಪಕ್ಕದ ಎರಡು ಪದ

ಠರಾವಿನ ನಕಲು ಕೈಗೆ ಬಂದಾಗ ನಾನು ಮೊದಲು ನೋಡಿದ್ದು ಠರಾವನ್ನಲ್ಲ, ಅದರ ಕೆಳಗಿನ ಸಹಿಗಳನ್ನು. ಎಲ್ಲಕ್ಕಿಂತ ಮೇಲಿದ್ದದ್ದು ನನ್ನದೇ. ನಮ್ಮೂರನ್ನು ಪಕ್ಕದ ಪಟ್ಟಣ ಪಂಚಾಯಿತಿಗೆ ಸೇರಿಸಲು ಗ್ರಾಮಸಭೆ ಸರ್ವಾನುಮತದಿಂದ ಒಪ್ಪಿದೆ ಎಂದು ಆ ಕಾಗದ ಹೇಳುತ್ತಿತ್ತು. ಅಂಥದ್ದಕ್ಕೆ ಒಪ್ಪಿದ ನೆನಪು ನನಗಿರಲಿಲ್ಲ. ಬೇಡವೆಂದ ನೆನಪೂ ಇರಲಿಲ್ಲ.

ನಮ್ಮೂರು ನರಸಾಪುರದಿಂದ ವೇಮಗಲ್ ಕಡೆಗೆ ಹೋಗುವಾಗ ಸ್ವಲ್ಪ ಒಳಕ್ಕೆ ಸಿಗುತ್ತದೆ. ಫ್ಯಾಕ್ಟರಿ ಬಸ್ಸುಗಳು ಬರತೊಡಗಿದ ಮೇಲೆ ರಾಗಿ ಹೊಲಗಳಲ್ಲಿ ಬಣ್ಣ ಬಳಿದ ಕಲ್ಲುಗಳು ಎದ್ದು ನಿಂತವು. ಊರು ಪಟ್ಟಣವಾದರೆ ಆ ಕಲ್ಲುಗಳ ನಡುವಿನ ಸೈಟುಗಳಿಗೆ ಬೆಲೆ ಬರುತ್ತದೆ. ಲಾಭ ಯಾರಿಗೆಂಬುದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನಷ್ಟ ಯಾರಿಗೆಂದು ಬಾಯಿಬಿಟ್ಟು ಹೇಳಿದವಳು ನನ್ನ ದೊಡ್ಡಮ್ಮ ಒಬ್ಬಳೇ.

ಅವಳ ಹತ್ತಿರ ಉದ್ಯೋಗ ಖಾತ್ರಿಯ ಕಾರ್ಡಿದೆ. ಕೆರೆಯ ಹೂಳು ಎತ್ತುವುದು, ಬದು ಹಾಕುವುದು, ಗಿಡಕ್ಕೆ ಗುಂಡಿ ತೋಡುವುದು. ಅವಳಿಗೆ ಸಿಗುವ ಕೂಲಿ ಕೆಲಸವೆಂದರೆ ಅಷ್ಟೇ. ಅದು ಗ್ರಾಮ ಪಂಚಾಯಿತಿಗಳಲ್ಲಿ ಮಾತ್ರ. ಊರು ಪಟ್ಟಣಕ್ಕೆ ಸೇರಿತೋ, ಕಾರ್ಡು ಸತ್ತಂತೆ. ಫ್ಯಾಕ್ಟರಿಗೆ ಬೇಕಾದದ್ದು ಚಿಕ್ಕ ವಯಸ್ಸಿನವರು; ದೊಡ್ಡಮ್ಮನಿಗೆ ತಲೆಯೆಲ್ಲ ನರೆತಿದೆ.

"ಏನಪ್ಪಾ, ಎಮ್ಮೆ ಓದ್ದೋನೆ, ಎಮ್ಮೆ ಥರಾನೇ ತಲೆ ಆಡ್ಸಿ ಬಂದ್ಯಾ?" ಎಂದಳು ನಕಲನ್ನು ತೋರಿಸಿದಾಗ. ನನ್ನ ಎಂ.ಎ. ಅವಳ ಬಾಯಲ್ಲಿ ಯಾವತ್ತೂ ಎಮ್ಮೆಯೇ.

ನಮ್ಮೂರಲ್ಲಿ ಒಂದು ರೂಢಿಯಿದೆ. ಅರ್ಜಿ ಯಾವುದೇ ಇರಲಿ, ಓದಿದವನು ಮೊದಲು ಸಹಿ ಹಾಕಬೇಕು. ಅವನ ಸಹಿ ಬಿದ್ದ ಮೇಲೆ ಉಳಿದವರು ಕಾಗದದ ಕಡೆ ನೋಡುವುದಿಲ್ಲ. ಹೆಬ್ಬೆಟ್ಟು ಒತ್ತಿದವರ ಪಕ್ಕದಲ್ಲಿ 'ಓದಿ ಹೇಳಿದ್ದೇನೆ' ಎಂದು ಬರೆಯುವುದೂ ಅವನ ಕೆಲಸವೇ. ನಕಲಿನಲ್ಲಿ ಏಳನೆಯದು ದೊಡ್ಡಮ್ಮನ ಹೆಬ್ಬೆಟ್ಟು. ಪಕ್ಕದಲ್ಲಿ ಆ ಎರಡು ಪದ, ನನ್ನದೇ ಅಕ್ಷರ. ಬಾಲ ಎಳೆದು ಬರೆಯುವ ನನ್ನ 'ಳಿ'ಯನ್ನು ಇನ್ನೊಬ್ಬರು ನಕಲು ಮಾಡುವುದು ಕಷ್ಟ. ದಾಖಲೆ ನಂಬುವ ಮೊದಲು ಅದನ್ನು ಬರೆದವನನ್ನು ಅನುಮಾನಿಸಿ ಎಂದು ಮಾಲೂರಿನ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರಾಗಿ ನಾನು ಪಾಠ ಹೇಳುತ್ತೇನೆ.

ಆ ಗ್ರಾಮಸಭೆಯ ದಿನವನ್ನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಶಾಲೆಯ ಜಗಲಿ, ಪ್ಲಾಸ್ಟಿಕ್ ಕುರ್ಚಿಗಳು, ಕುಡಿಯುವ ನೀರಿನ ಘಟಕ ಕೆಟ್ಟಿದ್ದರ ಬಗ್ಗೆ ಜಗಳ. ಪಂಚಾಯಿತಿ ಸದಸ್ಯ ನಡಾವಳಿ ಪುಸ್ತಕವನ್ನು ನನ್ನ ಮುಂದಿಟ್ಟ. ಪುಟದ ಮೇಲಿನ ಅರ್ಧ ಖಾಲಿಯಿತ್ತು ಎಂದು ನನ್ನ ನೆನಪು. ನಮ್ಮಲ್ಲಿ ಸಹಿ ಮೊದಲು, ಬರವಣಿಗೆ ಆಮೇಲೆ, ಹಾಗಾಗಿ ಖಾಲಿಯಿದ್ದಿರಬಹುದು. ಆದರೆ ಆ ಖಾಲಿ ಜಾಗವನ್ನು ನಾನು ನಿಜವಾಗಿ ಕಂಡೆನೋ, ನಕಲು ನೋಡಿದ ಮೇಲೆ ಮನಸ್ಸು ಅದನ್ನು ಖಾಲಿ ಮಾಡಿಕೊಂಡಿತೋ ಹೇಳಲಾರೆ. ಬರೆದದ್ದೇ ಇದ್ದು, ನಾನು ಓದದೆ ಹಾಕಿದ್ದರೆ? ಈ ಯೋಚನೆ ಬಂದಾಗಲೆಲ್ಲ ಸದಸ್ಯನ ಮೇಲಿನ ಸಿಟ್ಟು ಇನ್ನಷ್ಟು ಏರುತ್ತಿತ್ತು. ಆ ಸಿಟ್ಟನ್ನೂ ನಂಬಬಾರದೆನಿಸುತ್ತಿತ್ತು.

ಸದಸ್ಯನ ಮನೆಗೇ ಹೋದೆ. ಅವನು ಮೋಟರ್ ಪೈಪು ತೊಳೆಯುತ್ತಿದ್ದ.

"ಪುಟ ಖಾಲಿ ಇತ್ತಲ್ವಾ?" ಎಂದೆ.

"ಖಾಲಿ ಪುಟಕ್ಕೆ ಸಹಿ ಹಾಕೋಕೆ ನೀವೇನು ದಡ್ಡರಾ ಮೇಷ್ಟ್ರೇ?" ಎಂದು ನಕ್ಕ. "ನೀವ್ ಹಾಕಿದ್ರಿ ಅಂತಾನೇ ಊರೋರೆಲ್ಲ ಹಾಕಿದ್ದು. ಈಗ ಇಲ್ಲ ಅಂದ್ರೆ ನಗ್ತಾರೆ. ಬೀದಿಗೆ ದೀಪ ಬರ್ತದೆ, ಚರಂಡಿ ಬರ್ತದೆ. ಕೂಲಿ ಹೋಗ್ತದೆ ಅಂತ ಅಳೋರು ನಾಕು ಜನ ಮುದುಕೀರು."

ನಾಲ್ಕರಲ್ಲಿ ಒಬ್ಬಳು ಯಾರೆಂದು ಅವನಿಗೂ ಗೊತ್ತಿತ್ತು.

ಠರಾವಿನ ವಿರುದ್ಧ ನಾವು ಕೊಟ್ಟಿದ್ದ ಆಕ್ಷೇಪಣೆ ಕೇಳುವ ದಿನ ದೊಡ್ಡಮ್ಮನೂ ನಾನೂ ಕೋಲಾರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳದು ಒಂದೇ ಪಾಠ: "ಸಹಿ ನಂದಲ್ಲ ಅನ್ಬಿಡು. ಅಷ್ಟೇ. ಜಾಸ್ತಿ ಮಾತಾಡ್ಬೇಡ, ನೀನು ಮಾತಾಡಿದ್ರೆ ಕೆಟ್ಟೋಗ್ತದೆ."

ಅಧಿಕಾರಿ ನಡುವಯಸ್ಸಿನ ಹೆಂಗಸು. ಮೂಲ ಪುಸ್ತಕವನ್ನೇ ತರಿಸಿದ್ದರು. ಸದಸ್ಯ ಬಾಗಿಲ ಬಳಿ ನಿಂತಿದ್ದ.

"ಸಹಿ ನಿಮ್ಮದಾ?"

ನೀಲಿ ಶಾಯಿಯಲ್ಲಿ ನೋಡಿದ ಮೇಲೆ ಅಲ್ಲ ಎನ್ನಲು ನಾಲಗೆ ಏಳಲಿಲ್ಲ. "ನನ್ನದೇ," ಎಂದೆ. ದೊಡ್ಡಮ್ಮ ಸಿಟ್ಟು ಬಂದಾಗ ಆಡುವ ತೆಲುಗಿನಲ್ಲಿ ಏನೋ ಗೊಣಗಿದಳು. ನನ್ನನ್ನು ಬೈದಿದ್ದು.

"ಠರಾವು ಓದಿ ಹಾಕಿದ್ರಾ?"

"ನೆನಪಿಲ್ಲ."

ಅವರು 'ಸಹಿ ಒಪ್ಪಿಕೊಂಡಿದ್ದಾರೆ' ಎಂದು ಬರೆದರು. 'ನೆನಪಿಲ್ಲ' ಎಂಬುದನ್ನು ಬರೆಯಲಿಲ್ಲ. ಪೆನ್ನು ಮುಂದಕ್ಕೆ ಹೋಗುತ್ತಿತ್ತು. ಇನ್ನೊಂದು ಸಾಲು ಬಿದ್ದರೆ ದೊಡ್ಡಮ್ಮನ ಕಾರ್ಡಿಗೆ ಉಳಿದ ದಾರಿಯೂ ಮುಚ್ಚಿಹೋಗುತ್ತದೆ ಅನಿಸಿತು. ನಾನು ಏಳನೆಯ ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟೆ.

"ಇಲ್ಲಿ ಓದಿ ಹೇಳಿದ್ದೇನೆ ಅಂತ ಬರೆದವನು ನಾನು. ಓದಿ ಹೇಳಿರಲಿಲ್ಲ. ಇವರಿಗೂ ಇಲ್ಲ, ಕೆಳಗಿರೋ ಯಾವ ಹೆಬ್ಬೆಟ್ಟಿಗೂ ಇಲ್ಲ."

"ಅಂದ್ರೆ ಸುಳ್ಳು ಬರೆದಿದ್ದೀರಿ."

"ಹೌದು."

"ಕಾಲೇಜಲ್ಲಿ ಪಾಠ ಮಾಡೋರು ನೀವು."

"ಹೌದು ಮೇಡಂ."

"ಏನ್ ಮೇಷ್ಟ್ರೇ, ಕೆಲಸಕ್ಕೇ ಕುತ್ತು ತಂದ್ಕೋತೀರಲ್ಲ," ಎಂದ ಸದಸ್ಯ ಬಾಗಿಲಿಂದ. ಅಧಿಕಾರಿ ಅವನನ್ನು ಸುಮ್ಮನಿರಿಸಿ, ದೊಡ್ಡಮ್ಮನ ಕಡೆ ತಿರುಗಿ, ಓದಿ ಹೇಳಿದ್ದರಾ ಎಂದು ಕೇಳಿದರು.

"ಇಲ್ಲಮ್ಮಾ. ಒತ್ತು ಅಂದ, ಒತ್ತಿದೆ. ನೀರಿನ ಮಿಷನ್ ರಿಪೇರಿಗೆ ಅಂದ್ಕಂಡಿದ್ದೆ."

ನನ್ನ ಹೇಳಿಕೆಯನ್ನು ಬರೆಸಿಕೊಂಡರು. ನನ್ನ ಮೇಲೆ ಕ್ರಮ ಆಗಬಹುದೆಂದು ಎಚ್ಚರಿಸಿದರು. ಹೆಬ್ಬೆಟ್ಟು ಹಾಕಿದವರಿಗೆ ವಿಷಯ ತಿಳಿಸಿರದ ಕಾರಣ ಮತ್ತೆ ಗ್ರಾಮಸಭೆ ಕರೆದು ಅಭಿಪ್ರಾಯ ಪಡೆಯಬೇಕು, ಅಲ್ಲಿಯವರೆಗೆ ಪ್ರಸ್ತಾವ ಮುಂದಕ್ಕೆ ಹೋಗಬಾರದು ಎಂದು ಷರಾ ಹಾಕಿದರು. ದೊಡ್ಡಮ್ಮನ ಕಾರ್ಡು ಅಷ್ಟು ದಿನ ಬದುಕಿಕೊಂಡಿತು. ಹೊಸ ಸಭೆಯಲ್ಲಿ ಊರು ಯಾವ ಕಡೆ ವಾಲುತ್ತದೆಂದು ನನಗೆ ಗೊತ್ತಿರಲಿಲ್ಲ. ಸದಸ್ಯ ಆಗಲೇ ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದ.

ವಾಪಸು ಬರುವಾಗ ಕಿಟಕಿ ಪಕ್ಕದ ಸೀಟು ದೊಡ್ಡಮ್ಮನಿಗೆ ಬಿಟ್ಟುಕೊಟ್ಟೆ. ಅಧಿಕಾರಿಯ ಮುಂದೆ ಅಷ್ಟು ಗಟ್ಟಿಯಾಗಿ ಹೇಳಿದ ಮಾತು ಬಸ್ಸಿನಲ್ಲಿ ಅಲುಗಾಡತೊಡಗಿತು. ಓದಿರಲಿಲ್ಲವೆಂಬುದು ನನಗೆ ನೆನಪಾಗಿತ್ತೋ, ಆ ಹೊತ್ತಿಗೆ ಬೇಕಾಗಿತ್ತೋ?

"ದೊಡ್ಡಮ್ಮಾ, ಅವತ್ತು ನಾನು ನಿಜವಾಗ್ಲೂ ಓದಿ ಹೇಳಿರಲಿಲ್ಲ ತಾನೇ?"

ಅವಳು ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದಳು:

"ಏನೋಪ್ಪಾ. ಓದಿದ್ರೂ ನಂಗೇನ್ ತಿಳೀತಿತ್ತು? ಸರ್ವಾನು, ಗಿರ್ವಾನು ಅಂತೀರ. ಅದು ನಿಮ್ ಕನ್ನಡ."